ಗದ್ದಲದಲ್ಲಿ ಹೂಂ ಅಂದವಳು

ಅಂಗಿ ಹೊಲಿಯುವ ಆ ಕಾರ್ಖಾನೆಯಲ್ಲಿ ಹೆತ್ತವರು ಇಟ್ಟ ಹೆಸರು ಹಾಜರಿ ಕೂಗುವುದಕ್ಕೆ ಮಾತ್ರ. ಉಳಿದಂತೆ ಯಾರು ಏನು ಹೊಲಿಯುತ್ತಾರೋ ಅದೇ ಅವರ ಹೆಸರು. ಕಾಲರ್ ಕೂರಿಸುವವಳು ಕಾಲರಕ್ಕ. ಅವಳ ಪಕ್ಕದಲ್ಲಿ ತೋಳು ಸೇರಿಸುವ ಚಿಕ್ಕ ವಯಸ್ಸಿನವಳು ತೋಳಮ್ಮ. ಎದುರು ಸಾಲಿನಲ್ಲಿ ಗುಂಡಿ ಹಾಕುವವಳು ಬರೀ ಗುಂಡಿ. ಕಾಲರಕ್ಕನಿಗೆ ಇನ್ನೊಂದು ಹೆಸರೂ ಇತ್ತು, ಬಾವಿ. ಅವಳ ಕಿವಿಗೆ ಹಾಕಿದ ಗುಟ್ಟು ಹೊರಗೆ ಬರುವುದಿಲ್ಲ ಎಂದು ಎಲ್ಲರ ನಂಬಿಕೆ.

ಬರುವುದಾದರೂ ಹೇಗೆ? ಒಳಗೆ ಹೋಗಿದ್ದರೆ ತಾನೇ!

ಆ ಹಜಾರದಲ್ಲಿ ಗುಟ್ಟು ಹೇಳಲು ಮೆಷಿನ್ನುಗಳು ಓಡುತ್ತಿರಬೇಕು. ಊಟದ ಹೊತ್ತಿನಲ್ಲಿ ಸದ್ದು ನಿಂತರೆ ಒಬ್ಬಳು ಕೆಮ್ಮಿದ್ದೂ ಇಡೀ ಸಾಲಿಗೆ ಗೊತ್ತಾಗುತ್ತಿತ್ತು. ಆದ್ದರಿಂದ ಗಂಡನ ಹೊಡೆತ, ಅತ್ತೆಯ ಕೊಂಕು ಎಲ್ಲವನ್ನೂ ಗದ್ದಲದ ನಡುವೆಯೇ ಪಕ್ಕದವಳ ಕಿವಿಯ ಹತ್ತಿರ ಬಾಗಿ ಹೇಳಿ ಮುಗಿಸುತ್ತಿದ್ದರು. ಉಳಿದವರಿಗೆ ಸದ್ದಿನಿಂದ ಮಾತನ್ನು ಬಿಡಿಸಿಕೊಳ್ಳುವುದು ಸಲೀಸು. ಕಾಲರಕ್ಕನಿಗೆ ಮಾತು, ಮೆಷಿನ್ನು, ಫ್ಯಾನು ಎಲ್ಲ ಸೇರಿ ಕಲಸಿಹೋಗುತ್ತಿತ್ತು. ಮಾತಾಡುತ್ತಿದ್ದಾರೆ ಎಂದು ಗೊತ್ತು, ಏನೆಂದು ಗೊತ್ತಿಲ್ಲ.

ಕಿವುಡಾಗಿದ್ದರೆ ಎಷ್ಟೋ ವಾಸಿಯಿತ್ತು, ಜನ ನಂಬುತ್ತಿದ್ದರು. ಡಾಕ್ಟರು ಅವಳನ್ನು ಸದ್ದೇ ಇಲ್ಲದ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿ, “ಕಿವಿ ಚೆನ್ನಾಗಿದೆ. ಕೇಳಿದ್ದನ್ನ ಮಿದುಳು ಬಿಡಿಸ್ಕೊಳ್ಳೋದ್ರಲ್ಲಿ ತೊಂದ್ರೆ. ಗದ್ದಲ ಇಲ್ಲದ ಕಡೆ ಕೆಲಸ ನೋಡ್ಕೊಳ್ಳಿ” ಎಂದಿದ್ದರು. ಪುಣ್ಯಾತ್ಮರು, ಆ ಕೆಲಸ ಎಲ್ಲಿದೆ ಎಂದು ಮಾತ್ರ ಹೇಳಲಿಲ್ಲ. ಮನೆಯಲ್ಲಿ ತಂಗಿ ಮೊದಲ ಮಾತನ್ನಷ್ಟೇ ಹಿಡಿದುಕೊಂಡಳು. “ಚೆನ್ನಾಗಿದೆಯಂತಲ್ಲ! ಬೇಕಾದಾಗ ಕೇಳ್ಸುತ್ತೆ, ಬೇಡದಾಗ ಇಲ್ಲ. ಎಲ್ಲಾ ನಾಟಕ.”

“ಏನು?” ಎಂದು ಒಮ್ಮೆ ಕೇಳಿದರೆ ಜನ ಮತ್ತೆ ಹೇಳುತ್ತಾರೆ. ಇನ್ನೊಮ್ಮೆ ಕೇಳಿದರೆ ಮುಖ ಸಿಂಡರಿಸುತ್ತಾರೆ. ಆಮೇಲೆ “ಹೋಗ್ಲಿ ಬಿಡು.” ಆ ಮಾತಿಗೆ ರೋಸಿಹೋಗಿ ಕಾಲರಕ್ಕ ಕೋಲೆಬಸವನ ಹಾಗೆ ಗೋಣಾಡಿಸುವುದನ್ನು ಕಲಿತಳು. ಹೇಳುವವರ ಮುಖ ಅಳುವಂತಿದ್ದರೆ ಮೆಲ್ಲಗೆ ಹೂಂ, ನಗುವಂತಿದ್ದರೆ ಜೋರಾಗಿ ಹೂಂ. ಸಂಜೆಗೆ ತಲೆ ಸಿಡಿಯುತ್ತಿತ್ತು. ಬಚ್ಚಲ ಬಾಗಿಲು ಹಾಕಿಕೊಂಡು ನೆಲದ ಮೇಲೆ ಕೂತು, ತಂಗಿ ಕರೆದರೂ ಓಗೊಡದೆ ಅಳುತ್ತಿದ್ದಳು. ಹಾಗಿದ್ದರೂ ಬೆಳಿಗ್ಗೆ ತೋಳಮ್ಮ ಬಾಗಿದಾಗ ಕೆನ್ನೆಗೆ ತಾಗುವ ಬಿಸಿಯುಸಿರು ಅವಳಿಗೆ ಬೇಕಾಗಿತ್ತು. ಅಷ್ಟು ನಂಬಿ, ಅಷ್ಟು ಹತ್ತಿರ ಬರುವವರು ಅವಳಿಗೆ ಬೇರೆ ಯಾರಿದ್ದರು?

ಒಮ್ಮೆ ತೋಳಮ್ಮ ಬೆಳಗಿನಿಂದಲೂ ಬಾಗಿ ಬಾಗಿ ಏನನ್ನೋ ಕೇಳಿದಳು. ಕಣ್ಣು ತುಂಬಿತ್ತು. ಕಾಲರಕ್ಕ ಮೆಲ್ಲಗೆ ಹೂಂ ಎಂದಳು. ಮರುದಿನದಿಂದ ತೋಳಮ್ಮ ಕೆಲಸಕ್ಕೆ ಬರಲಿಲ್ಲ.

ಬಂದದ್ದು ಎಷ್ಟೋ ದಿನಗಳ ಮೇಲೆ, ಎಡಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು. ತೋಳು ಹೊಲಿಯಲು ಆಗುವುದಿಲ್ಲವೆಂದು ಗುಂಡಿಯ ಪಕ್ಕ ಕೂರಿಸಿ, ಮಿಕ್ಕ ದಾರ ಕತ್ತರಿಸುವ ಕೆಲಸ ಕೊಟ್ಟರು. ಊಟಕ್ಕೆ ಮೆಷಿನ್ನುಗಳು ನಿಂತಾಗ ಅವಳು ಕೈತೊಳೆಯುವ ತೊಟ್ಟಿಯ ಹತ್ತಿರ ಕಾಲರಕ್ಕನನ್ನು ಹಿಡಿದಳು.

“ಅಕ್ಕಾ, ಅವನು ಹೊಡೀತಾನೆ ಅಂತ ಅಮ್ಮನ ಮನೆಗೆ ಬಂದಿದ್ನಲ್ಲ, ವಾಪಸ್ ಹೋಗ್ಲಾ ಅಂತ ನಿಮ್ಮನ್ನೇ ಕೇಳಿದ್ದು. ನೀವು ಹೂಂ ಅಂದ್ರಿ, ಹೋದೆ. ಈಗ ಮತ್ತೆ ಅಮ್ಮನ ಮನೇಲೇ ಇದ್ದೀನಿ. ನಿಮ್ಮ ಮೇಲೆ ಸಿಟ್ಟಿಲ್ಲ. ಒಳ್ಳೇದಾಗ್ಲಿ ಅಂತಾನೇ ಹೇಳಿರ್ತೀರ.”

ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳಿಸಿತು. ಕಾಲರಕ್ಕ ನಲ್ಲಿ ನಿಲ್ಲಿಸಿದಳು.

“ನಂಗೆ ಕೇಳ್ಸಿರ್ಲಿಲ್ಲ ಕಣೇ. ಮೆಷಿನ್ ಓಡ್ತಿದ್ರೆ ನಂಗೆ ಯಾರ ಮಾತೂ ತಿಳಿಯಲ್ಲ. ನೀನು ಇಷ್ಟು ದಿನ ಹೇಳಿದ್ದು ಒಂದೂ ಗೊತ್ತಿಲ್ಲ.”

ತೋಳಮ್ಮ ಅವಳನ್ನೇ ನೋಡಿದಳು. “ಈಗ ಕೇಳಿಸ್ತಿದೆಯಲ್ಲ?”

“ಈಗ ಗದ್ದಲ ಇಲ್ವಲ್ಲ...”

“ತಪ್ಪಿಸ್ಕೊಳ್ಳೋಕೆ ಸುಳ್ಳು ಯಾಕಕ್ಕಾ? ನಾನೇನೂ ಬೈದಿಲ್ಲ. ಹೋಗ್ಲಿ ಬಿಡಿ.”

ಗಂಟೆ ಹೊಡೆಯಿತು. ಮೆಷಿನ್ನುಗಳು ಮತ್ತೆ ಓಡತೊಡಗಿದವು. ಕೆಲಸ ಬಿಡುವ ಹೊತ್ತು ಹತ್ತಿರ ಬಂದಾಗ ತೋಳಮ್ಮನ ಗಂಡ ಗೇಟಿನ ಹೊರಗೆ ಹಣ್ಣಿನ ಚೀಲ ಹಿಡಿದು ನಿಂತದ್ದು ಕಿಟಕಿಯಿಂದ ಕಂಡಿತು. ಮುಖ ಎಷ್ಟು ಸಪ್ಪೆ ಮಾಡಿಕೊಂಡಿದ್ದನೆಂದರೆ ಕೈ ಮುರಿದದ್ದು ಅವನದೇ ಎನ್ನಬೇಕು. ತೋಳಮ್ಮ ಅವನನ್ನು ನೋಡಿದಳು. ಗುಂಡಿಯ ಕಿವಿಯ ಹತ್ತಿರ ಬಾಗಿ ಏನೋ ಕೇಳಿದಳು. ಗುಂಡಿ ಕೆಲಸದಿಂದ ಕಣ್ಣೆತ್ತದೆ ಹೂಂ ಎಂಬಂತೆ ತಲೆಯಾಡಿಸಿದಳು.

ಕಾಲರಕ್ಕನಿಗೆ ತಡೆಯಲಾಗಲಿಲ್ಲ. ಸೂಜಿಯ ಕೆಳಗೆ ಅಂಗಿಯನ್ನು ಹಾಗೇ ಬಿಟ್ಟು ಓಡಿಹೋಗಿ ತೋಳಮ್ಮನ ಬಲಗೈ ಹಿಡಿದುಕೊಂಡಳು.

“ಹೋಗ್ಬೇಡ! ಅವನ ಹತ್ರ ಹೋಗ್ಬೇಡ ಕಣೇ!”

ಸಾಲಿನವರೆಲ್ಲ ತಿರುಗಿ ನೋಡಿದರು. ಸೂಪರ್‌ವೈಸರು ಸಾಲಿನ ತುದಿಯಿಂದಲೇ ಏನೋ ಕೂಗಿದ. ತೋಳಮ್ಮ ಅವಳ ಕಣ್ಣಲ್ಲಿ ಕಣ್ಣಿಟ್ಟು ಏನೋ ಹೇಳಿದಳು, ತುಂಬ ಹೊತ್ತು ಹೇಳಿದಳು. ಕೊನೆಗೆ ಹುಬ್ಬೇರಿಸಿ ಉತ್ತರಕ್ಕೆ ಕಾದಳು. ಅವಳು ಬೈದಳೋ, ಬೇಡಿಕೊಂಡಳೋ, ಮತ್ತೆ ಅದನ್ನೇ ಕೇಳಿದಳೋ ತಿಳಿಯಲಿಲ್ಲ. “ಏನು?” ಎನ್ನಲು ಕಾಲರಕ್ಕ ಬಾಯಿ ತೆರೆದಳು. ಅಷ್ಟರಲ್ಲಿ ಗೋಣು ತಾನಾಗಿಯೇ ಆಡಿತು.

“ಹೂಂ” ಎಂದಳು.