ತಾಯಿ ಇಮೇಜು

"ಕಣ್ಣು ಎಲ್ಲಿಟ್ಟಿದ್ದೆ? ಕಾರ್ಡು ಬರೆಯೋ ಹೊತ್ನಾಗೆ ಕಣ್ಣು ಎಲ್ಲಿಟ್ಟಿದ್ದೆ ಅಂತ ಕೇಳ್ತಿದೀನಿ!"

ಅಂಜನಪ್ಪ ಮೇಜಿನ ಮೇಲೆ ಅಂಗೈ ಬಡಿದ. ಬೆಸುಗೆ ಹಾಕುವ ಕಡ್ಡಿ ಉರುಳಿ ಕೆಳಗೆ ಬಿತ್ತು.

"ಮೇಜಿಗ್ಯಾಕೆ ಹೊಡೀತೀರಿ ಸಾರ್, ಅದೇನು ಮಾಡೈತೆ?" ಎಂದಳು ನಾಗಶ್ರೀ. ಬಿದ್ದ ಕಡ್ಡಿಯನ್ನು ಎತ್ತಿ ಸ್ಟ್ಯಾಂಡಿಗೆ ಸಿಕ್ಕಿಸಿದಳು.

"ಬಾಯಿ ಮುಚ್ಚು. ಚಿತ್ತಯ್ಯನ ರೊಪ್ಪದಾಗೆ ತೋಳ ನುಗ್ಗಿ ಮರಿಗಳ್ನ ಎಳ್ಕೊಂಡು ಹೋಗೈತೆ. ನೀನು ನನಗೆ ಜಾಣತನ ಹೇಳ್ತೀಯ?"

"ನೀವು ಕೊಟ್ಟ ಇಮೇಜನ್ನೇ ಬರೆದಿದ್ದು. ಒಂದಕ್ಷರ ಮುಟ್ಟಿಲ್ಲ ನಾನು."

"ಹಂಗಾದ್ರೆ ನಾನೇ ಹಾಳು ಮಾಡಿದ್ನೇನೆ?"

"ನಾನು ಹಂಗಂದ್ನಾ? ನೀವೇ ಅಂದ್ರಿ."

ಬಾಗಿಲ ಹತ್ತಿರದ ಸ್ಟೂಲಿನ ಮೇಲೆ, ಹೆಗಲ ಕಂಬಳಿಯನ್ನು ತೊಡೆಗೆ ಹಾಕಿಕೊಂಡು ಕೂತಿದ್ದ ಚಿತ್ತಯ್ಯ ಇಬ್ಬರ ಮುಖವನ್ನೂ ನೋಡುತ್ತಿದ್ದ. ಜವನಗೊಂಡನಹಳ್ಳಿಯಿಂದ ಬೆಳಗಿನ ಬಸ್ಸಿಗೇ ಹಿರಿಯೂರಿಗೆ ಬಂದಿದ್ದ. ಜಗಳ ಆಡಲು ಬಂದವನಲ್ಲ. ಏನಾಯಿತು ಅಂತ ಕೇಳಲು ಬಂದಿದ್ದ. ಜಗಳವನ್ನು ಅಂಜನಪ್ಪನೇ ಶುರು ಮಾಡಿದ.

ಹುಳಿಯಾರು ರಸ್ತೆಯ ಆ ಅಂಗಡಿಯಲ್ಲಿ ಅಂಜನಪ್ಪ ಮೊದಲು ರೇಡಿಯೋ, ಆಮೇಲೆ ಟಿ.ವಿ. ರಿಪೇರಿ ಮಾಡಿದವನು. ಓದಿದ್ದು ಊರ ಶಾಲೆಯಷ್ಟೇ. ಈಗ ಕುರಿಗಾರರಿಗೆ ಕಾವಲು ಡಬ್ಬಿ ಮಾಡಿಕೊಡುತ್ತಿದ್ದ. ಡಬ್ಬಿಯೊಳಗೆ ಅಂಗೈ ಅಗಲದ ಒಂದು ಕಂಪ್ಯೂಟರ್ ಬೋರ್ಡು, ಕ್ಯಾಮೆರಾ, ದೀಪ, ಸ್ಪೀಕರು. ಕುರಿಗಳು ಮೇಯಲು ಹೋದಾಗ ಎಳೆಮರಿಗಳನ್ನು ಬೇಲಿ ಕಟ್ಟಿದ ರೊಪ್ಪದಲ್ಲೇ ಬಿಟ್ಟು ಹೋಗುತ್ತಾರೆ. ಆ ಹೊತ್ತಿಗೆ ಅಲ್ಲಿ ಮನುಷ್ಯರಿರುವುದಿಲ್ಲ. ತೋಳವೋ ಬೀದಿನಾಯಿಯೋ ಬೇಲಿ ಹತ್ತಿರ ಬಂದರೆ ಡಬ್ಬಿ ಗುರುತು ಹಿಡಿದು ದೀಪ ಮಿಂಚಿಸಿ ಕೂಗಬೇಕು. ಕೂಗು ಸೈರನ್ನಿನದಲ್ಲ. ಸೈರನ್ನಿಗೆ ಮರಿಗಳೇ ಬೆದರಿ ಬೇಲಿಗೆ ಬೀಳುತ್ತಿದ್ದವು. ಅದಕ್ಕೇ ತುರುವನೂರು ಕಡೆಯ ಗುಡ್ಡಪ್ಪನೆಂಬ ಹಿರಿಯ ಕುರಿಗಾರನ ಕೂಗನ್ನು ಹಿಡಿದು ತುಂಬಿಸಿದ್ದರು. ಆ ಮನುಷ್ಯ ಕೂಗಿದರೆ ಮೂರು ಹೊಲದಾಚೆಯ ನಾಯಿ ಕಿವಿ ನಿಮಿರಿಸುತ್ತಿತ್ತು.

ಬೋರ್ಡಿಗೆ ಜೀವ ಕೊಡುವ ಇಮೇಜನ್ನು, ಅಂದರೆ ಇಡೀ ವ್ಯವಸ್ಥೆಯನ್ನು ಒಂದೇ ಗಂಟು ಕಟ್ಟಿದ ಫೈಲನ್ನು, ಅಂಜನಪ್ಪನೇ ಕಟ್ಟಿದ್ದ. ಬೇಡದ್ದನ್ನೆಲ್ಲ ಕಿತ್ತು ಹಾಕಿ, ಸೋಲಾರಿಗೆ ಮೋಡ ಕವಿದು ಡಬ್ಬಿ ಪಕ್ಕನೆ ಆರಿದರೂ ಇಮೇಜು ಬರೆದ ಮೆಮೊರಿ ಕಾರ್ಡು ಕೆಡಬಾರದೆಂದು ಎಲ್ಲಕ್ಕೂ ಬೀಗ ಹಾಕಿದ ಹಾಗೆ ಮಾಡಿದ್ದ. ರೊಪ್ಪದಲ್ಲಿ ನಿಂತು ಯಾರಿಗೂ ಏನನ್ನೂ ಬದಲಾಯಿಸಲು ಆಗದು. ಅದು ಅವನ ಹೆಮ್ಮೆ. ಅದಕ್ಕೆ ತಾಯಿ ಇಮೇಜು ಅಂತ ಅಂಗಡಿಯಲ್ಲಿ ಹೆಸರು. ಯಾರಾದರೂ ಬೇರೆ ಥರ ಬೇಕು ಅಂದರೆ ತಾಯಿಯ ಪ್ರತಿ ತೆಗೆದು ಪ್ರತಿಯಲ್ಲಿ ತಿದ್ದಬೇಕು, ತಾಯಿಯನ್ನು ಮುಟ್ಟಬಾರದು. ಈ ಮಾತನ್ನು ತನ್ನ ಕೈಕೆಳಗೆ ಕೆಲಸಕ್ಕಿದ್ದ ನಾಗಶ್ರೀಗೆ ಅವನು ಬೈದು ಬೈದು ಕಲಿಸಿದ್ದ.

"ದೀಪ ಮಿಂಚ್ತಂತೆ ಅಂಜನಪ್ಪ," ಎಂದ ಚಿತ್ತಯ್ಯ, ಬೈಗುಳ ನಿಂತ ಸಂದಿನಲ್ಲಿ. "ಆಚೆ ಹೊಲದಾಗೆ ಕಳೆ ಕೀಳೋ ಹೆಣ್ಮಕ್ಕಳು ಕಂಡವ್ರೆ. ಬಿಸಿಲಿಗೆ ಏನೋ ಹೊಳೀತೈತೆ ಅಂದ್ಕೊಂಡ್ರಂತೆ. ಕೂಗು ಮಾತ್ರ ಬರ್ಲಿಲ್ಲ. ಗುಡ್ಡಪ್ಪ ಸತ್ತಾಗ ಅವನ ಮನೆ ಡಬ್ಬಿ ಬಾಯಿ ಕಟ್ಕೊಂಡು ಕುಂತಿತ್ತಲ್ಲ, ಥೇಟ್ ಹಂಗೆ."

ಅಂಜನಪ್ಪ ಮೇಜಿನ ಮೇಲಿದ್ದ ಕೈಯನ್ನು ಹಿಂದಕ್ಕೆ ತೆಗೆದ.

ಗುಡ್ಡಪ್ಪ ಸತ್ತ ದಿನ ಅವನ ಹೆಂಡತಿ ಬರಗೇರಮ್ಮ ಇವನ ಕೈ ಹಿಡಿದಿದ್ದಳು. "ಹನ್ನೊಂದರ ಕಾರ್ಯ ಮುಗಿಯೋಗಂಟ ಅದು ಕೂಗಬಾರದು ಕಣಪ್ಪ. ಎಡೆ ಇಡೋಕೆ ಮುಂಚೆ ಸತ್ತೋನ ದನಿ ಮನೆ ಮುಂದೆ ಕೇಳಿದ್ರೆ ಅವನಿಗೆ ದಾರಿ ಸಿಗಾಕಿಲ್ಲ." ಇವನು ಅಂಗಡಿಗೆ ಬಂದು, ಒರೆಸಿದಷ್ಟೂ ತುಂಬುತ್ತಿದ್ದ ಕಣ್ಣಲ್ಲೇ ಕೂತು, ದನಿ ಮುಚ್ಚಿದ ಕಾರ್ಡು ಮಾಡಿ ಒಯ್ದಿದ್ದ. ಪ್ರತಿ ತೆಗೆದಿರಲಿಲ್ಲ. ತಾಯಿಯಲ್ಲೇ ಮುಚ್ಚಿದ್ದ. ಕಾರ್ಯ ಮುಗಿದ ಮೇಲೆ ಬರಗೇರಮ್ಮನ ಡಬ್ಬಿಗೆ ಹಳೆಯ ಕಾರ್ಡನ್ನೇ ವಾಪಸು ಹಾಕಿದ್ದರಿಂದ ಅಲ್ಲಿ ಕೂಗು ಬಂತು. ತಾಯಿ ಮಾತ್ರ ಹಾಗೇ ಸೂತಕದಲ್ಲಿ ಉಳಿಯಿತು. ಆಮೇಲೆ ನಾಗಶ್ರೀ ಬರೆದ ಕಾರ್ಡೆಲ್ಲ ಅದರ ಮಕ್ಕಳೇ, ಚಿತ್ತಯ್ಯನದೂ ಸೇರಿ.

ಇನ್ನೂ ಒಂದಿತ್ತು. ಒಂದೊಂದು ಕಾರ್ಡಿನ ಕೂಗನ್ನೂ ಕೇಳಿಯೇ ಕಳಿಸೋಣ ಅಂತ ಅವಳು ಅಂದಿದ್ದಳು. "ದಿನಾ ಆ ಕೂಗು ಕೇಳಿ ಪಕ್ಕದ ಟೈಲರ್ ಚಂದ್ರಕ್ಕನ ಕೈಲಿ ಬೈಸ್ಕೊಳ್ಳೋರು ಯಾರು? ದೀಪ ಬಂದ್ರೆ ಸಾಕು," ಅಂದವನು ಇವನೇ.

ಎಲ್ಲ ಗೊತ್ತಾಯಿತು. ಗೊತ್ತಾದ ಮೇಲೂ ಬಾಯಿ ನಿಲ್ಲಲಿಲ್ಲ. ಇಳಿಜಾರಿನಲ್ಲಿ ಬ್ರೇಕು ಬಿಟ್ಟ ಗಾಡಿಯಂತೆ ಅದು ತನ್ನ ಪಾಡಿಗೆ ಓಡಿತು.

"ಇವಳಿಗೆ ಕೆಲಸದ ಮೇಲೆ ಗ್ಯಾನ ಇಲ್ಲ ಚಿತ್ತಯ್ಯ. ಕಾರ್ಡು ನೆಟ್ಟಗೆ ಬರೆದಿಲ್ಲ. ಅದೇ ಆಗಿರೋದು."

ನಾಗಶ್ರೀ ಅವನ ಮುಖವನ್ನೇ ನೋಡಿದಳು. ಅವನು ಬೆಸುಗೆ ಕಡ್ಡಿಯನ್ನು ನೋಡಿದ.

ಅಂದು ಮಧ್ಯಾಹ್ನ ಅವಳನ್ನು ಊಟಕ್ಕೆ ಕಳಿಸಿ, ತಾಯಿಯನ್ನು ತೆರೆದು ದನಿ ಬಿಚ್ಚಿ, ಮತ್ತೆ ಇಮೇಜು ಕಟ್ಟಿ ಹೊಸ ಕಾರ್ಡು ಬರೆದುಕೊಂಡು, ಚಿತ್ತಯ್ಯನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋದ. ಕಾರ್ಡು ಹಾಕಿದ ತಕ್ಷಣ ಗುಡ್ಡಪ್ಪ ಕೂಗಿದ. ಚಿತ್ತಯ್ಯ ತಲೆಯಾಡಿಸಿದ. ಸಂಜೆ ಕುರಿಗಳು ಬಂದವು. ಮರಿ ಕಳೆದುಕೊಂಡವು ಗೂಡಿನಿಂದ ಗೂಡಿಗೆ ಮೂಸುತ್ತ, ಅಡ್ಡ ಬಂದ ಬೇರೆ ಮರಿಗಳನ್ನು ಒದೆಯುತ್ತ ಅರಚಿದವು. ಕೆಚ್ಚಲು ಬಾತುಕೊಳ್ಳಬಾರದೆಂದು ಚಿತ್ತಯ್ಯನ ಹೆಂಡತಿ ಒಂದೊಂದನ್ನೇ ಹಿಡಿದು ಹಾಲನ್ನು ನೆಲಕ್ಕೆ ಹಿಂಡುತ್ತಿದ್ದಳು.

"ನೀನೇನು ಮಾಡ್ತೀಯ ಬಿಡಪ್ಪ," ಎಂದಳು ತಲೆ ಎತ್ತದೆ. "ಆ ಹುಡುಗಿನ ಮಾತ್ರ ಇನ್ನು ನಮ್ಮ ರೊಪ್ಪಕ್ಕೆ ಕಳಿಸಬ್ಯಾಡ."

"ಹ್ಞೂಂ," ಎಂದ ಅಂಜನಪ್ಪ.

ಮುಂದಿನ ದಿನಗಳಲ್ಲಿ ಉಳಿದ ರೊಪ್ಪಗಳಿಗೆಲ್ಲ ತಾನೇ ಹೋಗಿ ಕಾರ್ಡು ಬದಲಿಸಿದ. ಹೋದಲ್ಲೆಲ್ಲ "ಆ ಹುಡುಗಿ ಕೆಡಿಸಿದ್ಲಂತಲ್ಲ" ಎಂಬ ಮಾತು ಅವನಿಗಿಂತ ಮೊದಲೇ ತಲುಪಿರುತ್ತಿತ್ತು. ಪ್ರತಿ ಸಲ ಇವತ್ತು ಹೇಳಿಬಿಡಬೇಕು ಅಂದುಕೊಂಡು ಅಂಗಡಿಗೆ ಬರುತ್ತಿದ್ದ. ಬರುವಾಗ ಅವಳಿಗೆ ಇಷ್ಟದ ಖಾರಾಮಂಡಕ್ಕಿ ಕಟ್ಟಿಸಿಕೊಂಡು ಬರುತ್ತಿದ್ದ.

"ನಾಗಶ್ರೀ..."

"ಹೇಳ್ರಿ ಸಾರ್."

"ಕರೆಂಟು ಯಾವಾಗ ಬಂತು?"

"ಹೋಗೇ ಇಲ್ಲ."

ಮಂಡಕ್ಕಿ ಪೊಟ್ಟಣ ಬಿಚ್ಚದೆ ಉಳಿಯುತ್ತಿತ್ತು. ಸಾಯಂಕಾಲ ಅದನ್ನು ಅವನೇ ತಿನ್ನುತ್ತಿದ್ದ. ಹುಲ್ಲು ತಿಂದಂತಾಗುತ್ತಿತ್ತು.

ಅವಳು ಕಾಯುತ್ತಿದ್ದುದು ಮತ್ತೋಡಿನ ಮೂರ್ತಪ್ಪನನ್ನು. ಹೊಸದುರ್ಗ, ಹೊಳಲ್ಕೆರೆ ಕಡೆಯ ಕುರಿಗಾರರ ಸಂಘದ ಹಿರಿಯ ಅವನು. ಆ ಕಡೆಯ ರೊಪ್ಪಗಳ ಡಬ್ಬಿ ಕೆಲಸವನ್ನೆಲ್ಲ ನಾಗಶ್ರೀಯ ಕೈಗೇ ಕೊಡುವುದೆಂದು ಮಾತಾಗಿತ್ತು. ಹೊಸದುರ್ಗದ ಬಸ್‌ಸ್ಟ್ಯಾಂಡ್ ಹತ್ತಿರ ಅವಳು ಒಂದು ಮಳಿಗೆಯನ್ನೂ ನೋಡಿಟ್ಟಿದ್ದಳು. ಅಂಜನಪ್ಪನೇ ಅವಳ ಹೆಸರು ಹೇಳಿದ್ದು. ಆಗ ಹೆಮ್ಮೆಯಿಂದಲೇ ಹೇಳಿದ್ದ.

ಮೂರ್ತಪ್ಪ ಬಂದ. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು, ಬಾಯಿ ತುಂಬ ಎಲೆಯಡಿಕೆ. ನಾಗಶ್ರೀ ಕುರ್ಚಿ ಒರೆಸಿದಳು. "ಬರ್ರಿ, ಕುಂತ್ಕಳ್ರಿ." ಅವನು ಕೂತ. ಅವಳ ಕಡೆ ನೋಡಲಿಲ್ಲ.

"ನಮ್ಮ ಕಡೆ ಕೆಲಸ ನೀವೇ ಮಾಡ್ಕೊಡಬೇಕು ಅಂಜನಪ್ಪ. ಈ ಹುಡುಗಿ ಬ್ಯಾಡ ಅಂತಾರೆ ನಮ್ಮೋರು. ಜವನಗೊಂಡನಹಳ್ಳಿ ಸುದ್ದಿ ಹೊಳಲ್ಕೆರೆಗಂಟ ಹೋಗೈತೆ."

ನಾಗಶ್ರೀ ಒರೆಸುವ ಬಟ್ಟೆಯನ್ನು ಮಡಿಸಿದಳು, ಮತ್ತೆ ಮಡಿಸಿದಳು. "ಸಾರ್, ಹೇಳ್ರಿ," ಎಂದಳು. ಅಷ್ಟೇ.

"ತಪ್ಪು ಅವಳದಲ್ಲ," ಎಂದ ಅಂಜನಪ್ಪ. "ನಂದು. ಗುಡ್ಡಪ್ಪನ ಸೂತಕಕ್ಕೆ ಅಂತ ದನಿ ಮುಚ್ಚಿದೋನು ನಾನು. ತಾಯಿ ಇಮೇಜಿನಾಗೇ ಮುಚ್ಚಿದೆ. ಇವಳು ಅದನ್ನೇ ಬರೆದ್ಲು."

ಮೂರ್ತಪ್ಪ ಎಲೆಯಡಿಕೆಯನ್ನು ದವಡೆಗೆ ಸರಿಸಿಕೊಂಡು ನಕ್ಕ. "ದೊಡ್ಡ ಮನಸು ನಿಮ್ದು. ಮಗಳಂಗೆ ಇಟ್ಕೊಂಡಿದೀರಿ, ಮೈಮೇಲೆ ಹಾಕ್ಕೊಂತೀರಿ."

"ಇಲ್ಲ ಮೂರ್ತಪ್ಪ, ನಿಜ ಹೇಳ್ತಿದೀನಿ!"

"ಅವತ್ತು ಚಿತ್ತಯ್ಯನ ಎದುರಿಗೇ ಉಗುದ್ರಂತಲ್ಲ. ಸಿಟ್ಟಿನಾಗೆ ಬಂದ ಮಾತೇ ನಿಜದ್ದು. ಈಗ ಪಾಪ ಅನ್ನಿಸೈತೆ ನಿಮಗೆ."

"ಲೇ, ಬೀರಪ್ಪನ ಆಣೆಗೂ ನಾನೇ ಕಣೋ ಮಾಡಿದ್ದು!" ಅಂಜನಪ್ಪ ಎದ್ದು ನಿಂತು ಕೂಗಿದ. ಕೂಗಿದಷ್ಟೂ ಮೂರ್ತಪ್ಪನ ಮುಖದಲ್ಲಿ ಗೌರವ ಹೆಚ್ಚಿತು. ಕೈ ಮುಗಿದೇಬಿಟ್ಟ.

"ಇಂಥ ಯಜಮಾನ ಯಾರಿಗೆ ಸಿಕ್ಕಾನು ಹೇಳು," ಎಂದ. ಆಗ ಮೊದಲ ಸಲ ಅವನು ನಾಗಶ್ರೀಯ ಕಡೆ ತಿರುಗಿದ.

"ಬಿಡ್ರಿ ಸಾರ್," ಎಂದಳು ನಾಗಶ್ರೀ ಅಂಜನಪ್ಪನಿಗೆ. ದನಿ ಏರಿಸಲಿಲ್ಲ. "ಗುಡ್ಡಪ್ಪನ ಡಬ್ಬಿ ಬಾಯಿ ಕಟ್ಕೊಂಡಿತ್ತು ಅಂತ ಚಿತ್ತಯ್ಯ ಅಂದ್ನಲ್ಲ, ಆಗ ನಿಮ್ಮ ಮುಖ ನೋಡಿದೆ. ಆಗಲೇ ತಿಳೀತು. ಇವತ್ತು ಹೇಳ್ತೀರಿ, ನಾಳೆ ಹೇಳ್ತೀರಿ ಅಂತ ಕಾದೆ."

"ಈಗ ಹೇಳಿದ್ನಲ್ಲೇ! ಇನ್ನೇನು ಮಾಡ್ಲಿ, ತಲೆ ಚಚ್ಕೊಳ್ಲಾ?"

"ಅವತ್ತು ಹೇಳಿದ್ರೆ ನನ್ನ ಹೆಸರು ಉಳೀತಿತ್ತು. ಇವತ್ತು ಹೇಳಿದ್ದಕ್ಕೆ ನಿಮ್ಮ ಹೆಸರು ಬೆಳೀತು."

ಚೀಲ ಹೆಗಲಿಗೆ ಹಾಕಿಕೊಂಡಳು. ಚಪ್ಪಲಿ ಮೆಟ್ಟಿಕೊಳ್ಳುವಾಗ ಬಾಗಿಲ ಕಂಬ ಹಿಡಿದುಕೊಂಡಳು. ಅಂಜನಪ್ಪ ಅವಳ ಹೆಸರು ಹಿಡಿದು ಕರೆದ. ಕರೆದದ್ದು ಬೈದಂತೆಯೇ ಕೇಳಿತು. ಮೆತ್ತಗೆ ಕರೆಯುವುದು ಅವನಿಗೆ ಬರುತ್ತಿರಲಿಲ್ಲ. ಅವಳು ರಸ್ತೆ ದಾಟಿ, ಲಾರಿಯೊಂದು ಹೋಗಲೆಂದು ನಿಂತು, ಬಸ್‌ಸ್ಟ್ಯಾಂಡಿನ ಕಡೆ ನಡೆದಳು.

"ಬಿಸಿ ರಕ್ತ. ನಾಳೆ ಬರ್ತಾಳೆ ಬಿಡ್ರಿ," ಎಂದ ಮೂರ್ತಪ್ಪ.

ಅವಳು ಬರಲಿಲ್ಲ.