ಬೆಲ್ಲ ಕದಿಯದ ವರಲಕ್ಷ್ಮಿ

ಮನೆಯಲ್ಲಿ ಸಕ್ಕರೆ ಕಾಯಿಲೆಯ ಮಗುವಿದ್ದರೆ ಬೆಲ್ಲದ ಡಬ್ಬಿ ಅಟ್ಟ ಸೇರುತ್ತದೆ. ಮಗುವಿನ ರಕ್ತದಲ್ಲಿ ಸಕ್ಕರೆ ಏರಿದ ದಿನ ಎಲ್ಲರೂ ಮೊದಲು ಅಟ್ಟ ನೋಡುತ್ತಾರೆ, ಆಮೇಲೆ ಮಗುವಿನ ಬಾಯಿ ನೋಡುತ್ತಾರೆ. ನಾನು ಮಾಲಿನಿ, ಹೊಸೂರಿನ ಹತ್ತಿರದ ಬೇರಿಕೆಯ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ನರ್ಸ್. ಎರಡು ವರ್ಷದ ಹಿಂದೆ, 2007ರಲ್ಲಿ, ನಡೆದದ್ದನ್ನು ಹೇಳುತ್ತೇನೆ. ನೆನೆದರೆ ಇನ್ನೂ ಕೋಪ ಬರುತ್ತದೆ. ಅದರಲ್ಲಿ ಸ್ವಲ್ಪ ನನ್ನ ಮೇಲೆಯೇ.

ವರಲಕ್ಷ್ಮಿಗೆ ಆಗ ಹದಿನೈದು ವರ್ಷ. ಅಪ್ಪ ವೆಂಕಟರಾಮಪ್ಪ ಎಲೆಕೋಸು ಬೆಳೆಯುವ ರೈತ. ಅಮ್ಮ ಅಂಜಮ್ಮ. ಹತ್ತನೇ ವಯಸ್ಸಿನಿಂದ ಹುಡುಗಿಗೆ ದಿನಕ್ಕೆ ಎರಡು ಸಲ ಇನ್ಸುಲಿನ್ ಸೂಜಿ. ಅವಳ ಮೈಯಲ್ಲಿ ಇನ್ಸುಲಿನ್ ಹುಟ್ಟುವುದಿಲ್ಲ, ಹೊರಗಿನಿಂದಲೇ ಕೊಡಬೇಕು. ತಾನೇ ಚುಚ್ಚಿಕೊಳ್ಳುತ್ತಿದ್ದಳು. ಸ್ಕೂಲಿನಲ್ಲಿ ಕಬಡ್ಡಿ ಆಡುತ್ತಿದ್ದಳು. ಪ್ರತಿ ಸೋಮವಾರ ಅಪ್ಪನ ಜೊತೆ ಬಂದು ನನ್ನ ಹತ್ತಿರ ರಕ್ತ ಪರೀಕ್ಷೆ ಮಾಡಿಸುತ್ತಿದ್ದಳು.

ಆ ಸೋಮವಾರ ಸಕ್ಕರೆ ಅಳೆಯುವ ಮೀಟರಿನಲ್ಲಿ ಮುನ್ನೂರ ನಲವತ್ತು ಬಂತು. ಹಿಂದಿನ ವಾರ ನೂರೈವತ್ತು ಇತ್ತು. ಅಪ್ಪನ ಎದುರಿಗೇ ಏನು ತಿಂದೆ ಎಂದು ಕೇಳಿದೆ. ಎಂದಿನ ಹಾಗೇ ಎಂದಳು. ಬೇರೇನೂ ಕೇಳದೆ ಬುಕ್ಕಿನಲ್ಲಿ ಬರೆದು ಕಳಿಸಿಬಿಟ್ಟೆ.

ಮನೆಗೆ ಹೋದಮೇಲೆ ವೆಂಕಟರಾಮಪ್ಪ ಅಟ್ಟದಿಂದ ಡಬ್ಬಿ ಇಳಿಸಿ ನೋಡಿದ. ಬೆಲ್ಲ ಕಡಿಮೆಯಾದ ಹಾಗೆ ಕಂಡಿತಂತೆ. ಮಗಳನ್ನು ಕಳ್ಳಿ ಎಂದ. ಕಬಡ್ಡಿಯೂ ಸಾಕು ಎಂದ. ಕೊನೆಗೆ, ತಂಪಾಗಿರಲೆಂದು ಒದ್ದೆ ಮರಳಿನ ಕುಡಿಕೆಯಲ್ಲಿ ಇಟ್ಟಿದ್ದ ಇನ್ಸುಲಿನ್ ಬಾಟಲಿಯನ್ನು ಎತ್ತಿ ತನ್ನ ಹತ್ತಿರ ಇಟ್ಟುಕೊಂಡ.

"ಕದ್ದು ತಿಂದಿದ್ದು ಕರಗೋಗಂಟ ನಿಂಗೆ ಊಟ ಇಲ್ಲ. ಊಟ ಇಲ್ದಿದ್ಮೇಲೆ ಸೂಜಿ ಯಾಕೆ?"

ಕದ್ದಿಲ್ಲ ಎಂದು ಅವಳು ಎಷ್ಟು ಹೇಳಿದರೂ ಅವನು ಕೇಳಲಿಲ್ಲ. ಆಮೇಲೆ ಅವಳಿಗೂ ರೋಷ ಬಂತು. ಕಳ್ಳಿ ಅಂದವರ ಹತ್ತಿರ ಬೇಡುವುದಿಲ್ಲ ಎಂದು ಸೂಜಿ ಕೇಳುವುದನ್ನೇ ಬಿಟ್ಟಳು. ಮಂಗಳವಾರ ಮುಟ್ಟಾದಳು. ಅಂಜಮ್ಮನಿಗೆ ಗೊತ್ತಿತ್ತು, ಆದರೆ ಗಂಡಸರ ಮುಂದೆ ಆ ಮಾತು ಎತ್ತಲು ನಾಚಿಕೆ.

ಬುಧವಾರ ಬೆಳಿಗ್ಗೆ ಅಂಜಮ್ಮ ಕ್ಲಿನಿಕ್ಕಿಗೆ ಓಡಿ ಬಂದಳು. ಹುಡುಗಿ ಬಿಡದೆ ವಾಂತಿ ಮಾಡುತ್ತಿದ್ದಾಳೆ, ಹೊಟ್ಟೆನೋವು, ಕರೆದರೆ ಕಣ್ಣು ಬಿಡುವುದಿಲ್ಲ, ಸೋಮವಾರದಿಂದ ಸೂಜಿಯೂ ಇಲ್ಲ ಎಂದಳು. ನಾನು ಹೋಗಿ ನೋಡಿದರೆ ಉಸಿರು ಜೋರಾಗಿ ಏಳುತ್ತಿತ್ತು, ಉಸಿರಿನಲ್ಲಿ ಕೊಳೆತ ಹಣ್ಣಿನ ವಾಸನೆ. ಮೀಟರು ಅಂಕಿಯನ್ನೇ ತೋರಿಸಲಿಲ್ಲ. ಸಕ್ಕರೆ ಅದರ ಅಳತೆಯನ್ನೂ ಮೀರಿತ್ತು. ಸಿಕ್ಕ ವ್ಯಾನಿನಲ್ಲಿ ಮಲಗಿಸಿಕೊಂಡು ಹೊಸೂರಿನ ಆಸ್ಪತ್ರೆಗೆ ಹೊರಟೆವು. ದಾರಿಯುದ್ದಕ್ಕೂ ವೆಂಕಟರಾಮಪ್ಪ ಮಗಳ ಪಾದ ಹಿಡಿದುಕೊಂಡೇ ಇದ್ದ.

ಊಟ ಮಾಡದಿದ್ದರೂ ಮೈಗೆ ಇನ್ಸುಲಿನ್ ಬೇಕು. ಪೂರ್ತಿ ನಿಲ್ಲಿಸಿದರೆ ಮೈ ತನ್ನ ಕೊಬ್ಬನ್ನೇ ಸುಡತೊಡಗುತ್ತದೆ, ರಕ್ತದಲ್ಲಿ ವಿಷದಂಥ ಆಮ್ಲ ತುಂಬುತ್ತದೆ. ಇನ್ನರ್ಧ ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರು ಆಸ್ಪತ್ರೆಯ ಡಾಕ್ಟರಮ್ಮ.

ಶುಕ್ರವಾರ ಹುಡುಗಿ ಎದ್ದು ಕೂತಳು. ಡಾಕ್ಟರಮ್ಮ ಅವಳನ್ನು ಕೇಳಿದ ಮೊದಲ ಪ್ರಶ್ನೆ, ಮುಟ್ಟು ಯಾವಾಗ ಆಯಿತು ಎಂದು. ವೆಂಕಟರಾಮಪ್ಪ ತಲೆ ತಗ್ಗಿಸಿ ಹೊರಗೆ ಹೊರಟ. ನಾನು ಬಾಗಿಲಿಗೆ ಅಡ್ಡ ನಿಂತೆ.

"ಇಲ್ಲೇ ನಿಂತ್ಕೊಂಡು ಕೇಳಣ್ಣ. ಸೂಜಿ ಕಿತ್ಕೊಳ್ಳೋಕೆ ಇಲ್ದಿದ್ದ ನಾಚ್ಕೆ ಈಗ ಯಾಕೆ?"

"ಹೆಂಗಸ್ರ ವಿಷ್ಯಕ್ಕೂ ಸಕ್ಕರೆಗೂ ಏನ್ ಸಮ್ಮಂದ ಸಿಸ್ಟರ್?" ಎಂದ ಅವನು.

ಡಾಕ್ಟರಮ್ಮ ವಿವರಿಸಿದರು. ಮುಟ್ಟಿಗೆ ಮುಂಚಿನ ಕೆಲವು ದಿನ ಹೆಣ್ಣಿನ ಮೈಯಲ್ಲಿ ಹಾರ್ಮೋನುಗಳು ಏರುಪೇರಾಗುತ್ತವೆ. ಆಗ ಎಷ್ಟೋ ಜನರಿಗೆ ಅದೇ ಊಟ, ಅದೇ ಇನ್ಸುಲಿನ್ ಇದ್ದರೂ ಸಕ್ಕರೆ ಏರುತ್ತದೆ, ಮುಟ್ಟಾದ ಮೇಲೆ ಇಳಿಯುತ್ತದೆ. ಬೆಳೆಯುವ ವಯಸ್ಸಿನಲ್ಲಿ ಇದು ಇನ್ನೂ ಜಾಸ್ತಿ. ತಾರೀಕು ಗೊತ್ತಿದ್ದರೆ ಡಾಕ್ಟರು ಆ ದಿನಗಳಿಗೆ ಇನ್ಸುಲಿನ್ ಅಳತೆ ಬದಲಿಸಿ ಕೊಡಬಹುದು. ಅವರು ಹೇಳುತ್ತಿದ್ದಾಗ ನನಗೆ ಮುಖ ಎತ್ತಲಾಗಲಿಲ್ಲ. ಐದು ವರ್ಷ ಆ ಹುಡುಗಿಯ ಬೆರಳು ಚುಚ್ಚಿದ್ದೆ. ಒಂದು ಸಲವೂ ತಾರೀಕು ಕೇಳಿರಲಿಲ್ಲ.

ವರಲಕ್ಷ್ಮಿ ಅಪ್ಪನನ್ನು ನೇರವಾಗಿ ನೋಡಿದಳು.

"ಕದ್ದಿಲ್ಲ ಅಂತ ಎಷ್ಟ್ ಸಲ ಹೇಳ್ದೆ ಅಪ್ಪಾ. ನೀನು ನನ್ ಮಾತ್ ಕೇಳ್ಲಿಲ್ಲ, ಡಬ್ಬಿ ಮಾತ್ ಕೇಳ್ದೆ."

ಅವನು ಮಂಚದ ಪಕ್ಕದಲ್ಲಿ ಕೂತುಬಿಟ್ಟ. ತಪ್ಪಾಯ್ತು ಕಣವ್ವ ಎಂದ. ಅವಳು ಆ ಕಡೆ ಮಗ್ಗುಲಾದಳು. ಮನೆಗೆ ಬಂದಮೇಲೂ ಹತ್ತು ಹನ್ನೆರಡು ದಿನ ಅವನ ಜೊತೆ ಮಾತಾಡಲಿಲ್ಲ.

ಮಾತು ನಿಂತರೂ ಕೆಲಸ ನಿಲ್ಲಲಿಲ್ಲ. ಅಂಜಮ್ಮ ಮುಟ್ಟಿನ ತಾರೀಕನ್ನು ಸಕ್ಕರೆ ಬುಕ್ಕಿನಲ್ಲೇ ಬರೆಸಿದಳು. ಹೊತ್ತಿಗೆ ಸರಿಯಾಗಿ ಊಟ, ಪ್ರತಿದಿನ ಒಂದೇ ಗಾತ್ರದ ರಾಗಿ ಮುದ್ದೆ, ಜೊತೆಗೆ ಬೇಳೆ, ಸೊಪ್ಪು. ಸಕ್ಕರೆ ಏರಿತೆಂದು ಹಸಿವಿನಲ್ಲಿ ಇಡುವುದು ನಿಂತಿತು. ಕಬಡ್ಡಿ ಆಡಬಹುದು, ಆಡಲೇಬೇಕು ಎಂದಿದ್ದರು ಡಾಕ್ಟರಮ್ಮ. ಆಟಕ್ಕೆ ಮುಂಚೆ ಸಕ್ಕರೆ ನೋಡಬೇಕು, ಕಡಿಮೆ ಇದ್ದರೆ ಏನಾದರೂ ತಿಂದು ಆಟಕ್ಕೆ ಇಳಿಯಬೇಕು. ತುಂಬಾ ಜಾಸ್ತಿ ಇದ್ದರೆ, ಇಲ್ಲವೇ ವಾಂತಿ ಇದ್ದರೆ ಆ ದಿನ ಆಟ ಬೇಡ. ನಡುಕ, ಬೆವರು, ತಲೆಸುತ್ತು ಬಂದರೆ ತಕ್ಷಣ ಸಕ್ಕರೆ ಬಾಯಿಗೆ ಹಾಕಿಕೊಳ್ಳಬೇಕು. ವೆಂಕಟರಾಮಪ್ಪ ಸಾಲ ಮಾಡದೆ, ಕೋಸು ಮಾರಿದ ದುಡ್ಡಿನಲ್ಲಿ ಮನೆಗೇ ಒಂದು ಮೀಟರು ತಂದ. ಮಗಳ ಪಂದ್ಯವಿದ್ದ ದಿನ ಮೈದಾನದ ಅಂಚಿನಲ್ಲಿ ಗ್ಲೂಕೋಸ್ ಪೊಟ್ಟಣ ಹಿಡಿದು ನಿಂತಿದ್ದ. ಆಟ ಮುಗಿದಮೇಲೆ ಅವಳು ಬಂದು, ಹಸಿವಾಗ್ತದೆ ನಡಿ ಅಪ್ಪಾ ಎಂದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇನ್ಸುಲಿನ್ ತೆಗೆದುಕೊಳ್ಳುವ ಹುಡುಗಿ ಇರಬಹುದು. ಅವಳ ಮುಟ್ಟಿನ ತಾರೀಕು ಬರೆದಿಡಿ, ಡಾಕ್ಟರಿಗೆ ತೋರಿಸಿ, ಅದರಲ್ಲಿ ನಾಚಿಕೆ ಬೇಡ. ಅವಳನ್ನು ಆಡಲು ಬಿಡಿ, ಹೊತ್ತಿಗೆ ಉಣ್ಣಲು ಬಿಡಿ. ಜ್ವರವಿರಲಿ, ವಾಂತಿಯಿರಲಿ, ಊಟ ಸೇರದಿರಲಿ, ಇನ್ಸುಲಿನ್ ಪೂರ್ತಿ ನಿಲ್ಲಿಸಬೇಡಿ. ಎಷ್ಟು ಕೊಡಬೇಕೆಂದು ಡಾಕ್ಟರನ್ನೇ ಕೇಳಿ, ಬೇಗ ಕೇಳಿ. ಯಾರಾದರೂ ಸೂಜಿ ನಿಲ್ಲಿಸು ಅಂದರೆ, ಅವರು ಎಷ್ಟೇ ದೊಡ್ಡವರಾಗಿರಲಿ, ಅವರ ಮೇಲೆ ಸಿಟ್ಟು ಮಾಡಿ. ಆ ಸಿಟ್ಟಿನಿಂದ ಒಂದು ಜೀವ ಉಳಿಯುತ್ತದೆ.