ಮೂರು ವಾರದ ನಂತರದ ಉತ್ತರ

ಹೊದಿಕೆಯ ಎರಡು ಮೂಲೆ ನನ್ನ ಕೈಯಲ್ಲಿದ್ದವು, ಇನ್ನೆರಡು ಚಂಪಾವತಿಯ ಕೈಯಲ್ಲಿ. ಹೆಂಗಸರ ವಾರ್ಡಿನ ಹಿಂದಿನ ಅಂಗಳದಲ್ಲಿ ಒಣಗಿದ ಹೊದಿಕೆಗಳನ್ನು ನಾವಿಬ್ಬರೂ ಎಳೆದು ಮಡಚುತ್ತಿದ್ದೆವು. ಒಬ್ಬರು ಸಡಿಲ ಬಿಟ್ಟರೆ ಬಟ್ಟೆ ನಡುವೆ ಜೋಲು ಬೀಳುತ್ತದೆ. ಅವಳು ಬಂದ ಹೊಸತರಲ್ಲಿ ಮೂಲೆಗಳು ಕೈಯಿಂದ ಜಾರಿ ಮಣ್ಣಿಗೆ ಬೀಳುತ್ತಿದ್ದವು. ಆ ದಿನ ಅವಳು ನನಗಿಂತ ಬಿಗಿಯಾಗಿ ಎಳೆದಳು. ಅದನ್ನು ಕಂಡೆ. ಕಂಡದ್ದು ಏನೆಂದು ಮಾತ್ರ ತಿಳಿಯಲಿಲ್ಲ.

ಆ ಮಾನಸಿಕ ಆಸ್ಪತ್ರೆಯಲ್ಲಿ ನಾನು ಆಯಾ ಆಗಿದ್ದೆ. ಅಕ್ಷರ ಕಲಿತದ್ದು ಮೂವತ್ತೆಂಟು ದಾಟಿದ ಮೇಲೆ, ರಾತ್ರಿ ಶಾಲೆಯಲ್ಲಿ. ಏಳನೆಯ ತರಗತಿ ಪಾಸಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಓದು ಬರುತ್ತದೆಂಬ ಕಾರಣಕ್ಕೇ ಡಾಕ್ಟರ್ ಇಂದುಧರರು ನನ್ನನ್ನು ಅವರ ಪ್ರಶ್ನೆ ಪುಸ್ತಕದ ಕೆಲಸಕ್ಕೆ ಸೇರಿಸಿಕೊಂಡದ್ದು. ಮನುಷ್ಯರ ಸ್ವಭಾವದಲ್ಲೇ ಇರುವ ತೊಡಕನ್ನು ಮಾತಾಡಿಸಿ ಪತ್ತೆ ಹಚ್ಚುವ ಪುಸ್ತಕ ಅದು. ಬೇರೆ ದೇಶದಲ್ಲಿ ತಯಾರಾದದ್ದನ್ನು ಅವರು ಕನ್ನಡಕ್ಕೆ ತಂದಿದ್ದರು. ನಮ್ಮ ಜನಕ್ಕೆ ಅದು ಹೊಂದುತ್ತದೆಯೇ ಎಂದು ಒರೆಗೆ ಹಚ್ಚಬೇಕಿತ್ತು. ನಲವತ್ತು ರೋಗಿಗಳನ್ನು ಮೊದಲು ಅವರು ಕೇಳುವುದು, ಮೂರು ವಾರ ಬಿಟ್ಟು ಡಾಕ್ಟರ್ ಸುಸಾನಾ ಅವೇ ಪ್ರಶ್ನೆಗಳನ್ನು ಕೇಳುವುದು. ಒಬ್ಬರ ಹಾಳೆಯನ್ನು ಇನ್ನೊಬ್ಬರು ನೋಡುವಂತಿರಲಿಲ್ಲ. ಹೆಂಗಸರನ್ನು ಕರೆತಂದು, ಬಾಗಿಲ ಬಳಿಯ ಸ್ಟೂಲಿನ ಮೇಲೆ ಕುಳಿತು, ಮುಗಿದ ಮೇಲೆ ಹಾಳೆಗಳನ್ನು ಲಕೋಟೆಗೆ ಹಾಕಿ ಅಂಟಿಸುವುದು ನನ್ನ ಕೆಲಸ.

ಚಂಪಾವತಿಯ ಎರಡನೆಯ ಕೂಸು ಹುಟ್ಟಿದ ಹನ್ನೊಂದನೆಯ ದಿನ ತೀರಿಕೊಂಡಿತ್ತು. ಅಂದಿನಿಂದ ಅವಳು ಊಟ ಬಿಟ್ಟಳು, ಮಾತು ಬಿಟ್ಟಳು. ಒಂದು ಮುಂಜಾನೆ ಬಾವಿಕಟ್ಟೆಯ ಮೇಲೆ ನಿಂತಿದ್ದವಳನ್ನು ನೆರೆಯವರು ಹಿಡಿದು ತಂದರು. ಮೊದಲನೆಯ ಮಗಳು, ನಾಲ್ಕು ವರ್ಷದ ವಾರಿಜ, ಅತ್ತೆಯ ಬಳಿ ಇದ್ದಳು. ಕಾಯಿಲೆ ವಾಸಿಯಾಗಿದೆ ಎಂದು ಡಾಕ್ಟರ ಕಾಗದ ತಂದರೆ ಮನೆಗೆ ಸೇರಿಸುತ್ತೇವೆ, ಮಗುವನ್ನು ಕೈಗೆ ಕೊಡುತ್ತೇವೆ ಎಂದು ಅತ್ತೆ ಹೇಳಿಕಳಿಸಿದ್ದರು. ಆ ಒಂದು ಕಾಗದಕ್ಕಾಗಿಯೇ ಅವಳು ಮತ್ತೆ ಉಣ್ಣತೊಡಗಿದಳೆಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಮೊದಲ ಸಲ ಪ್ರಶ್ನೆ ಕೇಳಿದಾಗ ಅವಳು ನೆಲ ನೋಡುತ್ತಲೇ ಉತ್ತರಿಸಿದ್ದಳು. ಒಳಗೆಲ್ಲ ಖಾಲಿ ಎನಿಸುತ್ತದೆಯೇ ಎಂದರೆ ಹೌದು. ಚಿಕ್ಕಂದಿನಿಂದಲೂ ಹಾಗೆಯೇ ಎಂದರೆ ಅದಕ್ಕೂ ಹೌದು. ಎಲ್ಲರೂ ಬಿಟ್ಟುಹೋಗುತ್ತಾರೆ, ತಾನು ಯಾರಿಗೂ ಬೇಡದವಳು, ಎಂದಿನಿಂದಲೂ ಬೇಡದವಳು. ಎಲ್ಲದಕ್ಕೂ ಹೌದು.

ಈಗ ಮಾರನೆಯ ದಿನ ಎರಡನೆಯ ಸರದಿ. ಹೊದಿಕೆ ಮಡಚುತ್ತ ಅವಳು ಅಂದಳು, "ಈಗ ಹಂಗನ್ನಿಸಲ್ಲ ಅಕ್ಕಾ. ಅವತ್ತು ಹೇಳಿದ್ದೆಲ್ಲ ಬೇರೆ ಯಾರೋ ನನ್ನ ಬಾಯಲ್ಲಿ ಕೂತು ಹೇಳಿದಂಗಿದೆ. ಚಿಕ್ಕೋಳಿದ್ದಾಗ ನಾನು ಎಷ್ಟು ನಗ್ತಿದ್ದೆ ಗೊತ್ತಾ?"

ನನಗೆ ದಿಗಿಲಾಯಿತು. ರಾತ್ರಿ ಶಾಲೆಯ ಮೇಷ್ಟ್ರು ನಮಗೆ ಕಲಿಸಿದ್ದು ಒಂದೇ ವಿದ್ಯೆ: ಒಮ್ಮೆ ಕೊಟ್ಟ ಉತ್ತರವನ್ನು ಪರೀಕ್ಷೆಯಲ್ಲಿ ಅಕ್ಷರ ಬಿಡದೆ ಒಪ್ಪಿಸುವುದು. ಮಾತು ಬದಲಾದರೆ ಸೊನ್ನೆ. ಎರಡನೆಯ ಸಲ ಕೇಳುವುದೆಂದರೆ ಪರೀಕ್ಷೆಯೇ ಎಂದು ನಾನು ತಿಳಿದಿದ್ದೆ.

"ಉತ್ತರ ಬದಲಾಯಿಸಿದ್ರೆ ಸುಳ್ಳುಗಾತಿ ಅಂತ ಬರ್ಕೋತಾರೆ ಕಣೇ. ಹೋದ ಸಲ ಹೇಳಿದ್ದನ್ನೇ ಹೇಳು. ನನಗೆ ಎಲ್ಲಾ ನೆನಪಿದೆ, ಹೇಳಿಕೊಡ್ತೀನಿ."

"ನೀವು ಮೇಷ್ಟ್ರಾಗಬೇಕಿತ್ತು. ಬೆತ್ತ ಒಂದು ಕಮ್ಮಿ," ಎಂದು ನಕ್ಕಳು. ಆಸ್ಪತ್ರೆಗೆ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಆ ನಗುವನ್ನು ಅಲ್ಲಿಗೇ ಬಿಟ್ಟು ನಾನು ಪಾಠ ಶುರು ಮಾಡಿದೆ. ಹೊದಿಕೆಗಳು ಮುಗಿಯುವಷ್ಟರಲ್ಲಿ ಅವಳಿಗೆ ಎಲ್ಲವೂ ಬಾಯಿಗೆ ಬಂದಿತ್ತು. ವಾರ್ಡಿನ ಇನ್ನೆಂಟು ಹೆಂಗಸರಿಗೂ ನಾನು ಹಾಗೆಯೇ ಪಾಠ ಮಾಡಿದ್ದೆ.

ಮರುದಿನ, ಒಳಗೆಲ್ಲ ಖಾಲಿ ಎನ್ನುವುದಕ್ಕೆ ಅವಳು ಹೌದೆಂದಾಗ, ಡಾಕ್ಟರ್ ಸುಸಾನಾ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು. "ನಿಮ್ಮ ಮುಖ ನೋಡಿದ್ರೆ ಹಾಗನ್ನಿಸೋದಿಲ್ಲವಲ್ಲ, ತಾಯಿ. ಈಗಲೂ ಹಾಗೇನಾ?"

ಚಂಪಾವತಿ ನನ್ನತ್ತ ನೋಡಿದಳು. ನಾನು ಕಣ್ಣಿನಲ್ಲೇ ಹೂಂ ಎಂದೆ.

"ಹೌದು," ಎಂದಳು. "ಚಿಕ್ಕಂದಿನಿಂದಲೂ."

ಲಕೋಟೆಗಳನ್ನು ಒಡೆದು ಹಾಳೆಗಳನ್ನು ಪಕ್ಕಪಕ್ಕ ಇಟ್ಟಾಗ ಇಂದುಧರರ ಮುಖ ಅರಳಿತು. ಎರಡು ಸಲದ ಉತ್ತರಗಳು ಇಷ್ಟು ಚೆನ್ನಾಗಿ ಕೂಡಿಬರುತ್ತವೆಂದು ಅವರು ಎಣಿಸಿರಲಿಲ್ಲವಂತೆ. ಎಲ್ಲರಿಗೂ ಕಾಫಿ ಕೊಡಿಸಿದರು, ನನಗೂ. ಒಳ್ಳೆಯ ಮನುಷ್ಯ. ಅವರ ತಪ್ಪು ಇದರಲ್ಲಿ ಏನೂ ಇರಲಿಲ್ಲ. ಚಂಪಾವತಿಯ ಕಾಗದದಲ್ಲಿ ಅವರು ಬರೆದದ್ದು ಇಷ್ಟು: ಇದು ಬಂದು ಹೋಗುವ ಖಿನ್ನತೆಯಲ್ಲ, ಸ್ವಭಾವದಲ್ಲೇ ನೆಲೆಗೊಂಡ ತೊಡಕು. ಕರೆದೊಯ್ಯಲು ಬಂದಿದ್ದ ಅವಳ ಗಂಡ ಅದನ್ನು ಎರಡು ಸಲ ಓದಿದ. "ಅಂದ್ರೆ ಇದು ವಾಸಿಯಾಗೋದಲ್ಲ," ಎಂದು ಕಾಗದ ಮಡಚಿ ಜೇಬಿಗಿಟ್ಟುಕೊಂಡು ಒಬ್ಬನೇ ಹೊರಟುಹೋದ. ನಾಲ್ಕು ದಿನದ ಮೇಲೆ ಚಂಪಾವತಿಯ ಅಕ್ಕ ಬಂದು ಅವಳನ್ನು ತನ್ನ ಮನೆಗೆ ಕರೆದೊಯ್ದಳು. ಮಗಳು ಅಜ್ಜಿಯ ಬಳಿಯೇ ಉಳಿದಳು.

ಆ ವಾರವೇ ಪ್ರಶ್ನೆ ಪುಸ್ತಕದ ಪ್ರತಿಗಳನ್ನು ಕಪಾಟಿಗೆ ಜೋಡಿಸುವಾಗ ಒಂದರ ಮೊದಲ ಪುಟ ಓದಿದೆ. ಅಲ್ಲಿಯವರೆಗೆ ಓದಿರಲಿಲ್ಲ. ಮುನ್ನುಡಿ ಪರೀಕ್ಷೆಗಿಲ್ಲ ಎಂದು ಮೇಷ್ಟ್ರು ಯಾವಾಗಲೂ ಹಾಳೆ ಮಗುಚಿಸುತ್ತಿದ್ದರು. ಅದೇ ಅಭ್ಯಾಸ ಉಳಿದಿತ್ತು. ಬೆರಳಿಟ್ಟು ಓದಿದೆ: "ಕಾಯಿಲೆಯ ದಿನಗಳ ಉತ್ತರ, ಕಾಯಿಲೆ ಇಳಿದ ಮೇಲೆ ಬದಲಾಗುತ್ತದೆ. ಬದಲಾಗದೆ ಉಳಿದದ್ದನ್ನು ಮಾತ್ರ ಸ್ವಭಾವವೆಂದು ಎಣಿಸಬೇಕು. ಆದ್ದರಿಂದ ಹಿಂದಿನ ಉತ್ತರವನ್ನು ರೋಗಿಗೆ ಯಾರೂ ನೆನಪಿಸಕೂಡದು."

ಚಂಪಾವತಿ ಹೊದಿಕೆಯನ್ನು ಬಿಗಿಯಾಗಿ ಎಳೆದದ್ದೂ ನಕ್ಕದ್ದೂ ಆಗ ಅರ್ಥವಾಯಿತು. ವಾಸಿಯಾದವಳ ಬಾಯಲ್ಲಿ ನಾನು ಕಾಯಿಲೆಯ ಮಾತು ಹೇಳಿಸಿದ್ದೆ.

ಆಗಲೇ ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಓದು ಬಲ್ಲ ಆಯಾ ಎಂದು ಎಲ್ಲರೂ ಕರೆಯುತ್ತಿದ್ದರು. ಆ ಹೆಸರು ನನಗೆ ಬೇಕಾಗಿತ್ತು. ಬೇರೆ ಕಾರಣಗಳನ್ನೂ ಹೇಳಬಲ್ಲೆ, ಆದರೆ ನಿಜವಾದದ್ದು ಅದೊಂದೇ. ಮುಂದಿನ ತಿಂಗಳು ಹೇಳೋಣ ಎಂದುಕೊಂಡೆ. ಇಂದುಧರರು ಬೇರೆ ಊರಿಗೆ ಹೋದರು. ಪುಸ್ತಕ ಅಚ್ಚಾಯಿತು. ನಾನು ನಿವೃತ್ತಳಾದೆ. ಇಪ್ಪತ್ತಮೂರು ವರ್ಷ ಕಳೆಯಿತು.

ಹೋದ ತಿಂಗಳು ಒಬ್ಬಳು ಹೆಂಗಸು ವಿಳಾಸ ವಿಚಾರಿಸಿಕೊಂಡು ಬಂದಳು. ಹೆಗಲ ಮೇಲೆ ಮೂರು ತಿಂಗಳ ಕೂಸು. ವಾರಿಜ ಎಂದಳು. ನೀರು ಕೊಟ್ಟರೂ ಕುಡಿಯಲಿಲ್ಲ.

"ಅಮ್ಮ ಮಗೂನ ಎತ್ಕೋತೀನಿ ಅಂತ ಕೇಳ್ತಾಳೆ. ಕೊಡೋಕೆ ಅಪ್ಪನ ಮನೇಲಿ ಬಿಡಲ್ಲ, ಆಸ್ಪತ್ರೆಯ ಆ ಕಾಗದ ಇನ್ನೂ ಇಟ್ಕೊಂಡಿದ್ದಾರೆ. ನನಗೂ ಭಯ. ನೀವು ಅವಳ ಜೊತೆ ಇದ್ದೋರಂತೆ. ಕೊಡಬಹುದಾ, ಹೇಳಿ."

ಎಲ್ಲವನ್ನೂ ಹೇಳಿದೆ. ನಡುವೆ ಕೂಸು ಅತ್ತಿತು, ಸುಮ್ಮನಾಯಿತು.

"ಅಮ್ಮನ ಹತ್ರ ವರ್ಷಕ್ಕೆರಡು ಸಲ ಹೋಗ್ತಿದ್ದೆ," ಎಂದಳು ವಾರಿಜ. "ಅವಳು ತಟ್ಟೆಗೆ ಬಡಿಸಿದ್ದನ್ನ ಹೆದರಿಕೊಂಡೇ ತಿಂತಿದ್ದೆ."

ಕ್ಷಮಿಸು ಎನ್ನಲು ಬಾಯಿ ತೆರೆದೆ. ಅವಳು ತಡೆದಳು. "ನನಗೆ ಹೇಳಿ ಏನು ಬಂತು ಅಜ್ಜಿ? ಅದನ್ನ ಬರೆದ ಡಾಕ್ಟ್ರಿಗೆ ಹೇಳಿ." ಅವರು ಈಗಿರುವ ಊರು, ಬೀದಿ, ಮನೆಯ ಸಂಖ್ಯೆಯನ್ನು ತಾನೇ ಮೊದಲೇ ವಿಚಾರಿಸಿ ಬರೆದುಕೊಂಡಿದ್ದ ಚೀಟಿಯನ್ನು ಜಗಲಿಯ ಮೇಲಿಟ್ಟು ಎದ್ದಳು.

ಕಾಗದ ಬರೆಯಲು ಒಂಬತ್ತು ದಿನ ಹಿಡಿಯಿತು. ಒಂಬತ್ತೂ ಹೆಂಗಸರ ಹೆಸರು ಬರೆದೆ. ಅವರ ಎರಡನೆಯ ಉತ್ತರಗಳು ಅವರವಲ್ಲ, ನನ್ನವು; ಅವುಗಳನ್ನು ಲೆಕ್ಕದಿಂದ ತೆಗೆಯಬೇಕು ಎಂದು ಬರೆದೆ. ಚಂಪಾವತಿ ಆ ದಿನ ತಾನಾಗಿ ಆಡಿದ ಮಾತನ್ನು, ಚಿಕ್ಕವಳಿದ್ದಾಗ ಎಷ್ಟು ನಗುತ್ತಿದ್ದೆ ಎಂದದ್ದನ್ನು, ನೆನಪಿದ್ದಂತೆಯೇ ಇಳಿಸಿದೆ. ಅವಳ ಕಾಗದವನ್ನು ತಿದ್ದಿ ಮಗಳ ಕೈಗೆ ಕೊಡಿ ಎಂದು ಬೇಡಿದೆ.

ಅಂಚೆ ಕಚೇರಿಯಲ್ಲಿ ರಿಜಿಸ್ಟರ್ ಮಾಡಲು ಕೊಟ್ಟೆ. ಕಿಟಕಿಯ ಆಚೆಗಿದ್ದ ಹುಡುಗಿ ಲಕೋಟೆಯನ್ನು ತಿರುಗಿಸಿ ನೋಡಿ ವಾಪಸು ಚಾಚಿದಳು.

"ಅಜ್ಜಿ, ಕಳಿಸೋರ ಹೆಸರೇ ಬರೆದಿಲ್ಲ."

ಮರೆತಿದ್ದೆನೋ, ಬೇಕೆಂದೇ ಬಿಟ್ಟಿದ್ದೆನೋ, ನನಗೇ ತಿಳಿಯದು. ದಾರಕ್ಕೆ ಕಟ್ಟಿದ್ದ ಪೆನ್ನು ತೆಗೆದುಕೊಂಡು, ಹಿಂದೆ ನಿಂತಿದ್ದವರನ್ನು ಕಾಯಿಸಿ, ಹೆಸರನ್ನೂ ವಿಳಾಸವನ್ನೂ ಒಂದೊಂದೇ ಅಕ್ಷರವಾಗಿ ಬರೆದೆ. ಅವಳು ಮುದ್ರೆ ಒತ್ತಿದಳು. ಶಾಯಿ ಇನ್ನೂ ಆರಿರಲಿಲ್ಲ. ಅದು ಅಳಿಸದ ಹಾಗೆ ಲಕೋಟೆಯನ್ನು ಅಂಚಿನಲ್ಲಿ ಹಿಡಿದು ಒಂದೆರಡು ಸಲ ಗಾಳಿಯಲ್ಲಿ ಆಡಿಸಿ, ಮಿಕ್ಕವುಗಳ ಮೇಲೆ ಮೆಲ್ಲನೆ ಇಟ್ಟಳು.